ಎಣ್ಣೆ ಬಂದ ದಾರಿ

ರಾಬರ್ಟ್‌ಸನ್‌ಪೇಟೆಯ ಒಬ್ಬ ಮೆಕ್ಯಾನಿಕ್‌ನನ್ನು ಅವನ ಶೆಡ್ಡಿನ ಬಾಗಿಲಲ್ಲೇ ನಿಂತು, ನಾಲ್ಕು ಗಿರಾಕಿಗಳ ಎದುರಿಗೆ ನಾನು ಬಾಯಿಗೆ ಬಂದ ಹಾಗೆ ಬೈದೆ. ಎಂಜಿನ್ನಿಗೆ ಅಳತೆ ಮೀರಿ ಆಯಿಲ್ ಸುರಿದಿದ್ದೀಯ, ಅದಕ್ಕೇ ನನ್ನ ಗಾಡಿ ಕೆಟ್ಟಿತು ಎನ್ನುವುದು ನನ್ನ ಆರೋಪ. ಅವನು ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟು, “ಗೇಜ್ ಎತ್ತಿ ನೋಡೋಣ ಬನ್ನಿ ಮೇಷ್ಟ್ರೇ, ಜಾಸ್ತಿ ಇದ್ದರೆ ನನ್ನದೇ ತಪ್ಪು” ಅಂದ. ನಾನು ನೋಡಲಿಲ್ಲ. ನೋಡುವ ಅಗತ್ಯವೇ ಇಲ್ಲ ಎನ್ನುವಷ್ಟು ಖಾತ್ರಿ ನನಗಿತ್ತು. ಅದಾಗಿ ಎಂಟನೇ ದಿನ, ಚಾಂಪಿಯನ್ ರೀಫ್ಸ್‌ನಲ್ಲಿ ಅಪ್ಪನ ಮನೆ ಮುಂದೆ, ಅದೇ ಗಾಡಿಯ ಎಂಜಿನ್ನು ಕೀ ತೆಗೆದ ಮೇಲೂ ನಿಲ್ಲದೆ ಅರಚಿತು. ಅದು ಯಾವ ಮೆಕ್ಯಾನಿಕ್ಕೂ ಮಾಡಿದ ಕೆಲಸವಲ್ಲ. ನನ್ನ ಕೈಯಾರೆ ಆದದ್ದು.

ನಾನು ಬಂಗಾರಪೇಟೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಮನೆ ಬಂಗಾರಪೇಟೆಯಲ್ಲಿ. ಅಪ್ಪ ಮಾತ್ರ ಚಿನ್ನದ ಗಣಿಯ ತಮ್ಮ ಹಳೇ ಕ್ವಾರ್ಟರ್ಸ್ ಬಿಟ್ಟು ಬರಲು ಒಪ್ಪಿದವರಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಅವರ ಜೊತೆಗಾರರ ಮಕ್ಕಳಲ್ಲಿ ಎಷ್ಟೋ ಜನ ಮಾರಿಕುಪ್ಪಂ ರೈಲು ಹಿಡಿದು ದಿನವೂ ಬೆಂಗಳೂರಿಗೆ ಹೋಗಿ ಬರುವ ಬದುಕಿಗೆ ಬಿದ್ದರು. ಅಪ್ಪ ಆ ಲೈನು ಮನೆಯಲ್ಲೇ ಉಳಿದರು. ಅವರನ್ನು ನೋಡಿಕೊಂಡು ಬರಲು, ವರ್ಷಕ್ಕೊಮ್ಮೆ ತಿರುಪತಿಗೆ ಹೋಗಲು ಅನುಕೂಲವಾಗಲಿ ಎಂದು 2019ರಲ್ಲಿ ಒಂದು ಹಳೆಯ ಡೀಸೆಲ್ ಕಾರು ತೆಗೆದುಕೊಂಡೆ. ಟರ್ಬೊ ಇರುವ ಚಿಕ್ಕ ಎಂಜಿನ್ನು. ಮೊದಲ ಮೂರು ವರ್ಷ ಅದು ಯಾವ ತಕರಾರೂ ಮಾಡಲಿಲ್ಲ. ತಕರಾರು ಇಲ್ಲದ ಗಾಡಿಗೆ ಖರ್ಚು ಯಾಕೆ ಎಂದು 10,000 ಕಿಲೋಮೀಟರಿಗೆ ಬದಲಿಸಬೇಕಾದ ಆಯಿಲ್ಲನ್ನು ಎರಡು ಸಲ 17,000ದವರೆಗೆ ಎಳೆದೆ. ಈ ಬರಹದ ಅರ್ಧ ತಪ್ಪೊಪ್ಪಿಗೆ ಇದೊಂದೇ ವಾಕ್ಯದಲ್ಲಿದೆ.

2022ರ ಡಿಸೆಂಬರ್ ಕೊನೆಯಲ್ಲಿ ತಿರುಪತಿಯಿಂದ ವಾಪಸ್ ಬರುತ್ತಿದ್ದೆವು. ಚಿತ್ತೂರು ದಾಟಿ ಪಲಮನೇರಿಗೆ ಬರುವ ಹಾದಿಯಲ್ಲಿ ಮೊಗಿಲಿ ಘಾಟಿ ಏರಬೇಕು. ಗಾಡಿಯಲ್ಲಿ ಐದು ಜನ, ಮೇಲೆ ಲಡ್ಡುವಿನ ಚೀಲ, ಬಟ್ಟೆಬರೆ. ಏರು ಶುರುವಾದ ಸ್ವಲ್ಪ ಹೊತ್ತಿಗೇ ಗಾಡಿ ಎಳೆಯುವುದನ್ನು ಬಿಟ್ಟಿತು. ಆಕ್ಸಿಲರೇಟರ್ ತುಳಿದಷ್ಟೂ ಸದ್ದು ಬರುತ್ತಿತ್ತು, ಬಲ ಬರುತ್ತಿರಲಿಲ್ಲ. ಹಿಂದೆ ಕಪ್ಪು ಹೊಗೆ. ಎರಡನೇ ಗೇರಿನಲ್ಲಿ, ಲಾರಿಗಳ ಸಾಲಿನ ಹಿಂದೆ ಲಾರಿಯ ಹಾಗೇ ತೆವಳಿಕೊಂಡು ಮೇಲೆ ಬಂದೆವು. ಲೀಟರಿಗೆ 19 ಕೊಡುತ್ತಿದ್ದ ಗಾಡಿ ಆ ತಿಂಗಳು 14ಕ್ಕೆ ಇಳಿದಿತ್ತು. ನನ್ನ ಮಗ, “ಅಪ್ಪ, ಗಾಡಿಗೆ ಉಸಿರು ಕಟ್ಟುತ್ತಿದೆ” ಅಂದ. ಹತ್ತು ವರ್ಷದ ಹುಡುಗ ಹೇಳಿದ್ದು ಸರಿಯಾಗಿಯೇ ಇತ್ತು.

ಊರಿಗೆ ಬಂದವನೇ ಬಾನೆಟ್ ಎತ್ತಿದೆ. ಕೆಳಗೆ, ಇಂಟರ್‌ಕೂಲರಿಗೆ ಹೋಗುವ ದಪ್ಪ ರಬ್ಬರ್ ಹೋಸಿನ ಕ್ಲಿಪ್ಪಿನ ಹತ್ತಿರ ಕಪ್ಪು ಜಿಡ್ಡು ಜಿನುಗಿ, ಮೇಲೆ ಧೂಳು ಕೂತು ಅಂಟಂಟಾಗಿತ್ತು. ಕ್ಲಿಪ್ ಸಡಿಲಿಸಿ ಹೋಸನ್ನು ಎಳೆದರೆ ಎಣ್ಣೆ ಸುರಿಯಿತು. ಕೆಳಗೆ ಹಿಡಿದ ಟೀ ಲೋಟ ಪೂರ್ತಿ ತುಂಬಿ ನೆಲಕ್ಕೂ ಬಿತ್ತು. ಗಾಳಿ ಮಾತ್ರ ಓಡಾಡಬೇಕಾದ ಕೊಳವೆಯಲ್ಲಿ ಒಂದು ಲೋಟ ಎಂಜಿನ್ ಆಯಿಲ್!

ಟರ್ಬೊ ಎಂದರೆ ಏನೆಂದು ತಿಳಿಯದವರಿಗೆ ಇಲ್ಲಿ ನಾಲ್ಕು ಮಾತು ಹೇಳಬೇಕು. ಎಂಜಿನ್ನಿನಿಂದ ಹೊರಬೀಳುವ ಹೊಗೆಯ ರಭಸದಲ್ಲೇ ಒಂದು ಪುಟ್ಟ ಚಕ್ರ ತಿರುಗುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿಗೆ ತುಂಬುತ್ತದೆ. ಈ ಶಾಫ್ಟ್ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತಿಗೂ ಮೀರಿ ತಿರುಗಬಲ್ಲದು. ಅದಕ್ಕೆ ಆಸರೆ ಎಣ್ಣೆಯ ಒಂದು ತೆಳು ಪೊರೆ, ಅಷ್ಟೇ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಸೈಕಲ್ ಪಂಪು ಹೊಡೆದವರಿಗೆಲ್ಲ ಇದು ಗೊತ್ತು. 30 ಡಿಗ್ರಿಯ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ತಂದರೆ ಅದು ಸುಮಾರು 120 ಡಿಗ್ರಿಗೆ ಏರುತ್ತದೆ. ಬಿಸಿ ಗಾಳಿ ತೆಳು. ಅದನ್ನು ಮುಂಭಾಗದಲ್ಲಿ, ಬಂಪರ್ ಹಿಂದೆ ಕೂತಿರುವ ಇಂಟರ್‌ಕೂಲರಿನಲ್ಲಿ ಹಾಯಿಸಿ 50 ಡಿಗ್ರಿಗೆ ಇಳಿಸಿದರೆ, ಅದೇ ಜಾಗದಲ್ಲಿ ಇನ್ನೂ ಐದನೇ ಒಂದು ಭಾಗಕ್ಕಿಂತ ಹೆಚ್ಚು ಗಾಳಿ ಹಿಡಿಸುತ್ತದೆ. ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಎತ್ತರದಲ್ಲಿರುವ ನಮ್ಮ ಕೋಲಾರದ ಕಡೆ ಗಾಳಿ ಮೊದಲೇ ತೆಳು. ಇಲ್ಲಿ ಟರ್ಬೊ ಎಂಜಿನ್ನಿಗೆ ಇಂಟರ್‌ಕೂಲರ್ ತುಂಬಾ ಬೇಕಾದ ಅಂಗ.

ಅದರೊಳಗೆ ಎಣ್ಣೆ ನಿಂತರೆ ಏನಾಗುತ್ತದೆ? ಕೊಳವೆಗಳ ಒಳಗೋಡೆಗೆ ಜಿಡ್ಡು ಹತ್ತಿ ಶಾಖ ಹೊರಗೆ ಹೋಗುವುದು ಕಡಿಮೆಯಾಗುತ್ತದೆ, ಗಾಳಿಯ ದಾರಿ ಕಿರಿದಾಗುತ್ತದೆ, ಎಣ್ಣೆ ಕುಡಿದ ರಬ್ಬರ್ ಹೋಸುಗಳು ಊದಿ ಮೆತ್ತಗಾಗಿ ಕ್ಲಿಪ್ಪಿನ ಹತ್ತಿರ ಸೀಳುತ್ತವೆ. ಇದಿಷ್ಟೂ ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ, ತೊಳೆದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವ ತೀರ್ಮಾನಕ್ಕೆ ಒಂದೇ ನೆಗೆತಕ್ಕೆ ಬಂದೆ. ಎಣ್ಣೆ ಯಾಕೆ ಬಂತು ಎನ್ನುವ ಪ್ರಶ್ನೆಗೆ ಸುಲಭದ ಉತ್ತರವೂ ಕೈಗೆ ಸಿಕ್ಕಿತ್ತು. ಎರಡು ತಿಂಗಳ ಹಿಂದೆ ಆಯಿಲ್ ಬದಲಿಸಿದವನು ಆ ಮೆಕ್ಯಾನಿಕ್. ಜಾಸ್ತಿ ಸುರಿದಿರಬೇಕು.

ಆ ಮೆಕ್ಯಾನಿಕ್ ನವೆಂಬರಿನಲ್ಲಿ ನನಗೆ ಏನು ಹೇಳಿದ್ದ ಎಂಬುದನ್ನು ನಾನು ಮರೆತಿರಲಿಲ್ಲ. ಮರೆತಂತೆ ನಡೆದುಕೊಂಡೆ. “ಬ್ರೀದರ್ ಪೈಪ್ ಒಳಗೆ ಕಟ್ಟಿಕೊಂಡಿದೆ ಮೇಷ್ಟ್ರೇ. ಟರ್ಬೊ ಡ್ರೇನ್ ಪೈಪೂ ಬಿಚ್ಚಿ ನೋಡಿದರೆ ಒಳ್ಳೇದು. ಏರ್ ಫಿಲ್ಟರ್ ನೋಡಿ, ಸೈನೈಡ್ ದಿಬ್ಬದ ಮಣ್ಣೆಲ್ಲ ಇಲ್ಲೇ ಇದೆ. ಗಾಡಿ ಒಂದು ದಿನ ಬಿಟ್ಟು ಹೋಗಿ” ಅಂದಿದ್ದ. ನಮ್ಮೂರಿನ ದಿಬ್ಬಗಳನ್ನು ಕಂಡವರಿಗೆ ಆ ಮಾತು ಅರ್ಥವಾಗುತ್ತದೆ. ಚಿನ್ನ ತೆಗೆದ ಮೇಲೆ ಉಳಿದ ಹಿಟ್ಟಿನಂಥ ಪುಡಿ 13 ದಿಬ್ಬಗಳಾಗಿ ಬಿದ್ದಿದೆ, ಲೆಕ್ಕ ಸುಮಾರು 3.3 ಕೋಟಿ ಟನ್. ಗಾಳಿ ಬೀಸುವ ತಿಂಗಳುಗಳಲ್ಲಿ ಅದು ಅಟ್ಟದ ಪಾತ್ರೆಯ ಮೇಲೂ ಕೂರುತ್ತದೆ, ಅನ್ನದ ತಟ್ಟೆಗೂ ಬರುತ್ತದೆ. ಗಾಡಿಯ ಫಿಲ್ಟರನ್ನು ಬಿಡುತ್ತದೆಯೇ? ನಾನು ಫಿಲ್ಟರನ್ನು ನೆಲಕ್ಕೆ ಎರಡು ಸಲ ಕುಟ್ಟಿ, “ಇದೇ ಹಾಕಪ್ಪ, ಮುಂದಿನ ಸಲ ನೋಡೋಣ” ಎಂದು ಹಣ ಉಳಿಸಿಕೊಂಡು ಬಂದಿದ್ದೆ. ಆಮೇಲೆ ಅವನನ್ನೇ ಬೈದೆ.

ಬೈದ ಎಂಟನೇ ದಿನ, ಭಾನುವಾರ, ಜನವರಿಯ ಮಂಜು ಇನ್ನೂ ಕರಗದ ಹೊತ್ತಿಗೆ ಅಪ್ಪನ ಮನೆಗೆ ಹೋದೆ. ಬಂಗಾರಪೇಟೆಯ ನಮ್ಮ ಬೀದಿಯಲ್ಲಿ ಗಾಡಿ ಬಿಚ್ಚಲು ಜಾಗವಿಲ್ಲ, ಲೈನು ಮನೆಗಳ ಮುಂದೆ ಬೇಕಾದಷ್ಟು ಬಯಲು. ಮರುದಿನ ಬೆಳಗ್ಗೆಯೇ ಅಪ್ಪನನ್ನು ಕಣ್ಣಿನ ಪೊರೆ ತೆಗೆಸಲು ಕೋಲಾರಕ್ಕೆ ಕರೆದೊಯ್ಯಬೇಕಿತ್ತು. ಸಂಜೆಯೊಳಗೆ ಎಲ್ಲ ಜೋಡಿಸಿ ಮುಗಿಸುವ ಲೆಕ್ಕ ನನ್ನದು.

ಬಂಪರ್ ಬಿಚ್ಚಿ, ಇಂಟರ್‌ಕೂಲರ್ ಹೊರತೆಗೆದು ಜಗಲಿ ಮೇಲೆ ಇಟ್ಟಾಗ ಅಪ್ಪ ಅದನ್ನು ಕೈಯಲ್ಲೇ ಸವರಿ ನೋಡಿದರು. ಕಣ್ಣಿಗೆ ಮಂಜು ಕವಿದಿತ್ತು, ಬೆರಳಿಗೆ ಎಲ್ಲ ತಿಳಿಯುತ್ತಿತ್ತು. “ಇಂಟರ್‌ಕೂಲರ್ ಅಲ್ವೇನೋ ಇದು?” ಅಂದರು. ನನಗೆ ಆಶ್ಚರ್ಯ. ಕಾರನ್ನೇ ಓಡಿಸಲು ಬಾರದ ಮನುಷ್ಯ ಅವರು.

ಆಗ ನನಗೆ ನೆನಪಾಗಬೇಕಿತ್ತು, ಅಪ್ಪ ಬದುಕಿನ ಮೂವತ್ತು ವರ್ಷಕ್ಕೂ ಮೇಲೆ ಕಳೆದದ್ದು ಕಂಪ್ರೆಸರ್ ಹೌಸಿನಲ್ಲಿ. ಗಣಿಯೊಳಗೆ ಬಂಡೆ ಕೊರೆಯುವ ಡ್ರಿಲ್ಲುಗಳಿಗೆ ಬಲ ಕೊಡುತ್ತಿದ್ದದ್ದು ಒತ್ತಿದ ಗಾಳಿ. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದ ಊರು ನಮ್ಮದು. ಆ ಕರೆಂಟಿನಿಂದ ಕಂಪ್ರೆಸರ್ ತಿರುಗಿ, ಗಾಳಿ ಪೈಪಿನಲ್ಲಿ ಇಳಿದು, ಕೆಳಗೆ ಬಂಡೆ ಕೊರೆಯುತ್ತಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟಿರುತ್ತಿತ್ತು. ಆ ತಳದಲ್ಲಿ ದುಡಿಯುವವನಿಗೆ ಉಸಿರಾಡಲು ತಂಪು ಗಾಳಿ ಬೇಕು, ಅವನ ಕೈಲಿರುವ ಡ್ರಿಲ್ಲಿಗೆ ಒತ್ತಿದ ಗಾಳಿ ಬೇಕು. ಎರಡನ್ನೂ ಮೇಲಿನವರೇ ಕಳಿಸಬೇಕು. ಅಪ್ಪನ ಕಂಪ್ರೆಸರ್ ಎರಡು ಹಂತದ್ದು. ಮೊದಲ ಸಿಲಿಂಡರಿನಲ್ಲಿ ಒತ್ತಿದ ಗಾಳಿ ಬಿಸಿಯಾಗುತ್ತದೆ, ಅದನ್ನು ತಣಿಸಿ ಎರಡನೇ ಸಿಲಿಂಡರಿಗೆ ಕಳಿಸಬೇಕು. ಆ ನಡುವಿನ ತಣಿಸುವ ಸಾಧನದ ಹೆಸರೇ ಇಂಟರ್‌ಕೂಲರ್. ನನ್ನ ಕಾರಿನದು ಅದರ ಮೊಮ್ಮಗ.

“ನಾವು ಶಿಫ್ಟಿಗೊಂದು ಸಲ ಕಾಕ್ ತಿರುಗಿಸಿ ಕೆಳಗಿನ ನೀರು, ಎಣ್ಣೆ ಎಲ್ಲ ಇಳಿಸ್ತಿದ್ವಿ. ಇಳಿಸಿದ್ದನ್ನ ಅಳೆದು ಪುಸ್ತಕದಲ್ಲಿ ಬರೀಬೇಕಿತ್ತು. ದಿನಾ ಒಂದೇ ಅಳತೆ ಬಂದರೆ ಸರಿ. ಒಂದು ದಿನ ಜಾಸ್ತಿ ಬಂತು ಅಂದರೆ ಫೋರ್‌ಮನ್‌ಗೆ ಹೇಳಬೇಕು. ರಿಂಗ್ ಸವೆದಿದೆಯಾ, ಎಣ್ಣೆ ಜಾಸ್ತಿ ಬೀಳ್ತಿದೆಯಾ, ನೋಡಬೇಕು. ಬಿಸಿ ಪೈಪಲ್ಲಿ ಎಣ್ಣೆ ಕರಿಕಟ್ಟಿ ಬೆಂಕಿ ಹತ್ತಿಬಿಟ್ಟರೆ ಲೈನೇ ಸಿಡಿಯತ್ತೆ.” ಇಷ್ಟು ಹೇಳಿ ಅಪ್ಪ ಕೇಳಿದರು: “ಇದರಲ್ಲಿ ಎಷ್ಟು ಬಂತು? ಎಲ್ಲಿಂದ ಬಂತು?”

ಒಂದು ಲೋಟ ಅಂದೆ. ಎಲ್ಲಿಂದ ಎನ್ನುವುದಕ್ಕೆ, “ಆ ಮೆಕ್ಯಾನಿಕ್ ಜಾಸ್ತಿ ಹಾಕಿಬಿಟ್ಟಿದ್ದಾನೆ ಬಿಡಿ ಅಪ್ಪ” ಅಂದೆ. ಅವರು ಸುಮ್ಮನಾದರು. ನನ್ನ ದನಿಯಲ್ಲಿ ಮಾತು ಮುಗಿಸುವ ಅವಸರ ಇತ್ತು, ಅದು ಅವರಿಗೆ ಕೇಳಿಸಿತ್ತು.

ತೊಳೆಯಲು ಸೀಮೆಎಣ್ಣೆ ಈಗ ಸಿಗುವುದಿಲ್ಲ. ಕ್ಯಾನಿನಲ್ಲಿ ತಂದ ಎರಡು ಲೀಟರ್ ಡೀಸೆಲನ್ನು ಒಳಗೆ ಸುರಿದು, ಎರಡೂ ಬಾಯಿ ಬಟ್ಟೆಯಲ್ಲಿ ಬಿಗಿದು, ತೊಟ್ಟಿಲಂತೆ ಅಲ್ಲಾಡಿಸಿದೆ. ಕಪ್ಪು ನೀರಿನಂತೆ ಜಿಡ್ಡು ಹೊರಬಂತು. ಖುಷಿಯಾಯಿತು. ಇನ್ನೊಂದು ಸಲ ಸುರಿದೆ. ಮೂರನೇ ಸಲಕ್ಕೆ ಹೊರಬಂದ ಡೀಸೆಲ್ ತಿಳಿಯಾಗಿತ್ತು. ಕವುಚಿ ನಿಲ್ಲಿಸಿ, ಬಿಸಿಲಿಗೆ ಇಟ್ಟು, ಅಪ್ಪನ ಜೊತೆ ಊಟಕ್ಕೆ ಕೂತೆ. ಜನವರಿಯ ಎಳೆ ಬಿಸಿಲು. ಎರಡು ಗಂಟೆಯ ಮೇಲೆ ಎತ್ತಿ ನೋಡಿದೆ, ತೊಟ್ಟಿಕ್ಕುತ್ತಿರಲಿಲ್ಲ. ಒಣಗಿದೆ ಅಂದುಕೊಂಡೆ. ಇಂಟರ್‌ಕೂಲರಿನ ಒಳಗೆ ತೆಳು ಕೊಳವೆಗಳ ಸಾಲು, ಒಂದೊಂದರ ಒಳಗೂ ಗಾಳಿಯನ್ನು ಕಲಕುವ ಸಣ್ಣ ಮಡಿಕೆಗಳು. ಅಲ್ಲಿ ನಿಂತ ದ್ರವ ಕವುಚಿಟ್ಟ ಮಾತ್ರಕ್ಕೆ ಇಳಿಯುವುದಿಲ್ಲ. ಡೀಸೆಲ್ಲಂತೂ ನೀರಿನಂತೆ ಆರಿಹೋಗುವ ಪದಾರ್ಥವೂ ಅಲ್ಲ.

ನಾಲ್ಕು ಗಂಟೆಗೆ ಇಂಟರ್‌ಕೂಲರ್ ಕೂಡಿಸಿ ಹೋಸು ಬಿಗಿದೆ. ಏರ್ ಫಿಲ್ಟರ್ ಡಬ್ಬ ಇನ್ನೂ ನೆಲದ ಮೇಲಿತ್ತು. ಟರ್ಬೊಗೆ ಗಾಳಿ ಎಳೆಯುವ ಹೋಸಿನ ಬಾಯಿ ತೆರೆದೇ ಇತ್ತು. ಒಂದು ಸಲ ಸದ್ದು ಹೇಗಿದೆ ಕೇಳೋಣ, ಆಮೇಲೆ ಡಬ್ಬ ಹಾಕಿದರಾಯಿತು ಎಂದು ಕೀ ತಿರುಗಿಸಿದೆ.

ಎರಡು ಮೂರು ಸೆಕೆಂಡು ಎಂಜಿನ್ ತನ್ನ ಪಾಡಿಗೆ ತಾನು ನಡೆಯಿತು. ಆಮೇಲೆ ಯಾರೂ ತುಳಿಯದೆ ಅದರ ಸದ್ದು ಏರತೊಡಗಿತು. ಕಾಲು ಪೆಡಲಿನ ಮೇಲೆ ಇಲ್ಲ ಎಂದು ಬಗ್ಗಿ ನೋಡಿಕೊಂಡೆ. ಸದ್ದು ಏರಿ ಏರಿ ಕೂಗಾಯಿತು. ಕೀ ತಿರುಗಿಸಿದೆ. ಡ್ಯಾಶ್‌ಬೋರ್ಡಿನ ದೀಪಗಳು ಆರಿದವು, ಎಂಜಿನ್ ನಿಲ್ಲಲಿಲ್ಲ. ಕೀ ಹೊರಗೆ ಎಳೆದೆ. ನಿಲ್ಲಲಿಲ್ಲ. ಹಿಂದಿನಿಂದ ಬಿಳಿಯೂ ನೀಲಿಯೂ ಬೆರೆತ ಹೊಗೆ ಎದ್ದು ಇಡೀ ಲೈನನ್ನು ಮುಚ್ಚಿತು. ಗಾಡಿ ನಿಂತ ಜಾಗದಲ್ಲೇ ಅದುರುತ್ತಿತ್ತು. ಅಕ್ಕಪಕ್ಕದ ಮನೆಯ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಹೊರಗೆ ಓಡಿ ಬಂದರು. ನೆಲದಡಿ ಬಂಡೆ ಸಿಡಿದು ಮನೆ ನಡುಗಿದ ಕಾಲವನ್ನು ಕಂಡವರ ಊರದು. ಸದ್ದು ಕೇಳಿದರೆ ಅವರ ಕಾಲು ತಾನಾಗಿ ಬಯಲಿಗೆ ಓಡುತ್ತದೆ. ನಾನು ಕೀ ಹಿಡಿದುಕೊಂಡು ನಿಂತಿದ್ದೆ. ಕೈಕಾಲು ಆಡಲಿಲ್ಲ.

ಜಗಲಿಯಿಂದ ಅಪ್ಪ ಕೂಗಿದರು. “ಗಾಳಿ ಮುಚ್ಚೋ! ಲೋ, ಗಾಳಿ ಮುಚ್ಚೋ ಅದಕ್ಕೆ!”

ಅವರು ತಾವು ಕೂತಿದ್ದ ಮರದ ಮಣೆಯನ್ನು ಎತ್ತಿ ನನ್ನ ಕಡೆ ಚಾಚಿದ್ದರು. ಆ ಮಣೆಯನ್ನು ಕಿತ್ತುಕೊಂಡು ಹೋಸಿನ ಬಾಯಿಗೆ ಒತ್ತಿ ಹಿಡಿದೆ. ಬಾಯಿ ಮಣೆಯನ್ನು ಕಚ್ಚಿಕೊಂಡಿತು. ಎಳೆತ ಎಷ್ಟಿತ್ತೆಂದರೆ ನಾನು ಕೈ ಬಿಟ್ಟಿದ್ದರೂ ಅದು ಅಲ್ಲೇ ನಿಲ್ಲುತ್ತಿತ್ತೇನೋ. ಕೂಗು ಇಳಿಯಿತು, ಒಮ್ಮೆ ಕೆಮ್ಮಿತು, ನಿಂತಿತು. ಎಲ್ಲ ಸೇರಿ ಅರ್ಧ ನಿಮಿಷವೂ ಆಗಿರಲಿಲ್ಲ. ಅಪ್ಪನಿಗೆ ಡೀಸೆಲ್ ಎಂಜಿನ್ನಿನ ವಿದ್ಯೆ ಗೊತ್ತಿರಲಿಲ್ಲ. ಉಸಿರಾಡುವ ಯಂತ್ರದ ಉಸಿರು ಹಿಡಿದರೆ ಅದು ನಿಲ್ಲುತ್ತದೆ ಎನ್ನುವುದು ಗೊತ್ತಿತ್ತು. ಮೂವತ್ತು ವರ್ಷ ಕಂಪ್ರೆಸರಿನ ಸದ್ದು ಕೇಳಿದ ಕಿವಿಗೆ, ಇದು ತಾನೇ ತಾನಾಗಿ ಓಡುತ್ತಿರುವ ಯಂತ್ರ ಎಂದು ನನಗಿಂತ ಮೊದಲೇ ತಿಳಿದಿತ್ತು.

ಎಂಟನೇ ತರಗತಿಯ ಮಕ್ಕಳಿಗೆ ದಹನದ ಪಾಠವನ್ನು ನಾನು ಎಷ್ಟು ವರ್ಷ ಮಾಡಿದ್ದೇನೆ! ಇಂಧನ, ಗಾಳಿ, ಶಾಖ ಮೂರೂ ಇದ್ದರೆ ಬೆಂಕಿ. ಒಂದನ್ನು ತೆಗೆದರೆ ಆರುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ನಿಲ್ಲಿಸಿದರೆ ಎಂಜಿನ್ ನಿಲ್ಲುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿಯೇ ಇಲ್ಲ. ಒತ್ತಿದ ಗಾಳಿಯ ಬಿಸಿಗೇ ಇಂಧನ ಹತ್ತಿಕೊಳ್ಳುತ್ತದೆ. ಕೀ ತಿರುಗಿಸಿದರೆ ನಿಲ್ಲುವುದು ಇಂಜೆಕ್ಟರಿನ ಇಂಧನ ಮಾತ್ರ. ಇಂಟರ್‌ಕೂಲರಿನಲ್ಲಿ ನಾನೇ ತುಂಬಿಟ್ಟ ಡೀಸೆಲ್, ಅದರ ಜೊತೆ ಕರಗಿದ ಜಿಡ್ಡು, ಗಾಳಿಯ ಜೊತೆಗೇ ಸಿಲಿಂಡರಿಗೆ ಹೋಗುತ್ತಿತ್ತು. ಅದಕ್ಕೆ ಯಾವ ಕೀಯ ಹಂಗೂ ಇಲ್ಲ. ಎಂಜಿನ್ ಓಡಿದಷ್ಟೂ ಟರ್ಬೊ ಎಳೆಯುತ್ತದೆ, ಎಳೆದಷ್ಟೂ ಒಳಗಿನ ಡೀಸೆಲ್ ಬರುತ್ತದೆ, ಬಂದಷ್ಟೂ ಎಂಜಿನ್ ಓಡುತ್ತದೆ. ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ನಾನು ನನ್ನ ಅಂಗಳದಲ್ಲಿ ಕಾಣಲಿಲ್ಲ. ತಿಳಿವಳಿಕೆ ಇಲ್ಲದೆ ಆದ ತಪ್ಪಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಒಂದು ಎಚ್ಚರಿಕೆ ಇಲ್ಲಿಯೇ ಹೇಳಿಬಿಡುತ್ತೇನೆ. ಇಂಥ ಹೊತ್ತಿನಲ್ಲಿ ಹೋಸಿನ ಬಾಯಿಗೆ ಕೈ ಕೊಡಬಾರದು, ಬಟ್ಟೆ ತುರುಕಬಾರದು. ಬಟ್ಟೆಯನ್ನು ಟರ್ಬೊ ಒಳಕ್ಕೆ ಎಳೆದುಕೊಳ್ಳುತ್ತದೆ. ಗಟ್ಟಿ ಹಲಗೆಯೇ ಬೇಕು. ಫಿಲ್ಟರ್ ಡಬ್ಬ ಕೂತಿದ್ದರೆ ಆ ಬಾಯಿ ಕೈಗೆ ಸಿಗುವುದೂ ಇಲ್ಲ. ಆಗ ಗೇರ್ ಇರುವ ಗಾಡಿಯಾದರೆ ಟಾಪ್ ಗೇರಿಗೆ ಹಾಕಿ, ಬ್ರೇಕ್ ಮೇಲೆ ಪೂರ್ತಿ ನಿಂತು, ಕ್ಲಚ್ ಒಮ್ಮೆಗೇ ಬಿಟ್ಟು ಎಂಜಿನ್ನನ್ನು ಕಟ್ಟಿಹಾಕಬೇಕು. ಗಾಡಿ ಮುಂದೆ ಯಾರೂ ಇರಬಾರದು. ಇದನ್ನು ನನಗೆ ಹೇಳಿಕೊಟ್ಟವನು ನಾನು ಬೈದಿದ್ದ ಅದೇ ಮೆಕ್ಯಾನಿಕ್.

ಹೌದು, ಅವನೇ ಬಂದ. ಬೇರೆಯವರಿಗೆ ಫೋನ್ ಮಾಡಲು ನನಗೆ ಧೈರ್ಯ ಬರಲಿಲ್ಲ, ಅವನಿಗೆ ಮಾಡಲು ಮುಖ ಇರಲಿಲ್ಲ. ಅಪ್ಪ ಪಕ್ಕದ ಮನೆ ಹುಡುಗನಿಂದ ಹೇಳಿ ಕಳಿಸಿದರು. ಅವನು ಸೋಮವಾರ ಬೆಳಗ್ಗೆ ಬಂದು ಮೊದಲು ಮಾಡಿದ ಕೆಲಸ, ಗೇಜ್ ಎತ್ತಿ ಒರೆಸಿ, ಮತ್ತೆ ಅದ್ದಿ, ನನ್ನ ಮುಂದೆ ಹಿಡಿದದ್ದು. ಎಣ್ಣೆ ಕೆಳಗಿನ ಗೆರೆಯ ಹತ್ತಿರ ಇತ್ತು. ಜಾಸ್ತಿ ಸುರಿಯುವುದಿರಲಿ, ಕಡಿಮೆಯಾಗಿತ್ತು. ಎಂಜಿನ್ನಿನ ಎಣ್ಣೆಯೇ ಎರಡು ತಿಂಗಳಿಂದ ಇಂಟರ್‌ಕೂಲರಿಗೆ ಹೋಗಿ ಕೂತಿತ್ತು. ಅವನು ಒಂದು ಮಾತೂ ಆಡಲಿಲ್ಲ. ಅಂದು ಅಪ್ಪನನ್ನು ಕೋಲಾರಕ್ಕೆ ಆಟೋದಲ್ಲಿ ಕರೆದುಕೊಂಡು ಹೋದೆ.

ಶೆಡ್ಡಿನಲ್ಲಿ ಅವನು ಒಂದೊಂದಾಗಿ ಬಿಚ್ಚಿ ತೋರಿಸಿದ. ಎಂಜಿನ್ನಿನ ಕೆಳಹೊಟ್ಟೆಯಲ್ಲಿ ಸೇರುವ ಅನಿಲ ಹೊರಹೋಗುವ ಬ್ರೀದರ್ ಪೈಪು ಕಪ್ಪು ಕೆಸರಿನಿಂದ ಮುಕ್ಕಾಲು ಮುಚ್ಚಿತ್ತು. ಅದು ಮುಚ್ಚಿದರೆ ಒಳಗೆ ಒತ್ತಡ ಏರುತ್ತದೆ. ಟರ್ಬೊದ ಶಾಫ್ಟಿಗೆ ಹೋದ ಎಣ್ಣೆ ತನ್ನ ಭಾರಕ್ಕೆ ತಾನೇ ಕೆಳಗೆ ಇಳಿದು ವಾಪಸ್ ಬರಬೇಕು. ಆ ಡ್ರೇನ್ ಪೈಪಿನ ಒಳಗೆ ಎಣ್ಣೆ ಕರಿಕಟ್ಟಿ ಕಿರುಬೆರಳೂ ಹೋಗದಷ್ಟು ಕಿರಿದಾಗಿತ್ತು. ಕೆಳಗೆ ಒತ್ತಡ, ದಾರಿ ಕಿರಿದು. ಇಳಿಯಲಾಗದ ಎಣ್ಣೆ ಶಾಫ್ಟಿನ ಪಕ್ಕದ ಸೀಲ್ ದಾಟಿ ಗಾಳಿಯ ಕಡೆ ನುಗ್ಗಿತ್ತು. ಮೇಲಿನಿಂದ ಕಟ್ಟಿಕೊಂಡ ಫಿಲ್ಟರ್ ಎಳೆತವನ್ನು ಹೆಚ್ಚಿಸಿ ಅದಕ್ಕೆ ಇನ್ನಷ್ಟು ಕುಮ್ಮಕ್ಕು ಕೊಟ್ಟಿತ್ತು. “17,000 ಓಡಿದ ಆಯಿಲ್ಲು, ಘಾಟಿ ಹತ್ತಿ ಬಂದು ತಕ್ಷಣ ಆಫ್ ಮಾಡೋದು. ಬಿಸಿ ಟರ್ಬೊದಲ್ಲಿ ನಿಂತ ಆಯಿಲ್ ಬೆಂದು ಇದ್ದಿಲಾಗತ್ತೆ ಮೇಷ್ಟ್ರೇ” ಅಂದ. ಘಾಟಿಯಲ್ಲಿ ಬಲ ಹೋದದ್ದಕ್ಕೆ ಮುಖ್ಯ ಕಾರಣ ಇಂಟರ್‌ಕೂಲರಿನ ಜಿಡ್ಡು ಆಗಿರಲಿಲ್ಲ. ಎಣ್ಣೆ ಕುಡಿದು ಮೆತ್ತಗಾದ ಹೋಸು ಕ್ಲಿಪ್ಪಿನ ಕೆಳಗೆ ಸೀಳಿ, ಒತ್ತಿದ ಗಾಳಿ ಅಲ್ಲಿಂದ ಸೋರುತ್ತಿತ್ತು. ಆ ಸೀಳನ್ನು ನಾನು ಎರಡು ಸಲ ಕೈಯಲ್ಲಿ ಹಿಡಿದಿದ್ದೆ. ಒರೆಸಿ, ಕ್ಲಿಪ್ ಬಿಗಿಮಾಡಿ ಬಿಟ್ಟಿದ್ದೆ.

ಕೊನೆಗೆ ಟರ್ಬೊ ಶಾಫ್ಟನ್ನು ಬೆರಳಲ್ಲಿ ಅಲ್ಲಾಡಿಸಿ ತೋರಿಸಿದ. ಅದು ಲಟಲಟ ಅನ್ನುತ್ತಿತ್ತು, ಚಕ್ರದ ಅಂಚು ಗೋಡೆಗೆ ಉಜ್ಜಿ ಹೊಳೆಯುತ್ತಿತ್ತು. ಸೀಲು ಸೋರಿದ ಮಾತ್ರಕ್ಕೆ ಅಷ್ಟು ಸವೆಯುವುದಿಲ್ಲ. ಆ ಅರ್ಧ ನಿಮಿಷದ ಕೂಗು ಅದನ್ನು ಮುಗಿಸಿತ್ತು. ನವೆಂಬರಿನಲ್ಲಿ ಎರಡು ಪೈಪು, ಒಂದು ಫಿಲ್ಟರಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಜನವರಿಯಲ್ಲಿ ಟರ್ಬೊದ ಒಳಭಾಗ ಹೊಸದು ಹಾಕಿ 31,400 ರೂಪಾಯಿ ಕೊಟ್ಟೆ. ಸಿಲಿಂಡರುಗಳು ಉಳಿದದ್ದು ಅಪ್ಪನ ಮಣೆಯಿಂದ.

ಅವನು ಇಂಟರ್‌ಕೂಲರ್ ತೊಳೆದ ರೀತಿಯನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಡೀಸೆಲ್ ಇಲ್ಲ, ಪೆಟ್ರೋಲ್ ಇಲ್ಲ. ಬಿಸಿನೀರಿನಲ್ಲಿ ಜಿಡ್ಡು ಬಿಡಿಸುವ ದ್ರಾವಣ ಕಲಸಿ ತುಂಬಿಸಿ, ಅರ್ಧ ಗಂಟೆ ನೆನೆಯಲು ಬಿಟ್ಟು, ಮಗುಚಿ, ಮತ್ತೆ ತುಂಬಿಸಿ, ಹೊರಬರುವ ನೀರು ನೊರೆಯಿಲ್ಲದೆ ತಿಳಿಯಾಗುವವರೆಗೆ ತೊಳೆದ. ಕೊಳವೆಗಳಿಗೆ ಪೆಟ್ಟಾಗದಂತೆ ಹದವಾಗಿ ಗಾಳಿ ಹೊಡೆದ. ಬಾಯಿಗೆ ಬಿಳಿ ಬಟ್ಟೆ ಹಿಡಿದು, ಗಾಳಿ ಹೊಡೆದರೂ ಬಟ್ಟೆಗೆ ಕಲೆ ಬೀಳದಿದ್ದಾಗ ಒಂದು ಹಗಲು ಒಂದು ರಾತ್ರಿ ತೂಗುಹಾಕಿದ. ಹೊಸ ಟರ್ಬೊ ಕೂಡಿಸುವ ಮುಂಚೆ ಅದರ ಎಣ್ಣೆಯ ಬಾಯಿಗೆ ಸ್ವಲ್ಪ ಆಯಿಲ್ ಹಾಕಿ ಕೈಯಲ್ಲೇ ತಿರುಗಿಸಿದ. ಇಂಜೆಕ್ಟರಿನ ಕನೆಕ್ಷನ್ ತೆಗೆದು, ಎಂಜಿನ್ ಹತ್ತಿಕೊಳ್ಳದಂತೆ ನಾಲ್ಕು ಸಲ ಸೆಲ್ಫ್ ಹೊಡೆದು, ಎಣ್ಣೆ ಮೇಲೆ ಏರಲು ಬಿಟ್ಟ. ಆಮೇಲೆಯೇ ಸ್ಟಾರ್ಟ್. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಸಡಿಲಿಸಿ ಬಾಯಿಯ ಮೇಲೇ ಬಿಟ್ಟು ತೋರಿಸಿದ. ಅದು ಕುಣಿಯಲಿಲ್ಲ. ಕುಣಿದಿದ್ದರೆ ಒಳಗೆ ಒತ್ತಡ ಇದೆ ಎಂದು ಲೆಕ್ಕ.

ಕ್ಷಮೆಯ ಮಾತಿಗೆ ಬರುತ್ತೇನೆ. ಶೆಡ್ಡಿನಲ್ಲಿ ಇಬ್ಬರೇ ಇದ್ದಾಗ ಕೇಳುವುದು ಸುಲಭವಿತ್ತು. ಆದರೆ ಬೈದದ್ದು ನಾಲ್ವರ ಎದುರಿಗೆ. ಗಾಡಿ ತರಲು ಹೋದ ಸಂಜೆ ಅಲ್ಲಿ ಐದಾರು ಜನ ಇದ್ದರು, ಅವತ್ತು ಇದ್ದವರಲ್ಲಿ ಇಬ್ಬರೂ ಇದ್ದರು. ಅವರಿಗೆ ಕೇಳುವ ಹಾಗೆ, ತಪ್ಪು ನನ್ನದು, ನವೆಂಬರಿನಲ್ಲೇ ನೀನು ಹೇಳಿದ್ದೆ, ನಾನು ಕೇಳಲಿಲ್ಲ, ಮೇಲಿಂದ ನಿನ್ನ ಹೆಸರು ಕೆಡಿಸಿದೆ ಎಂದು ಹೇಳಿದೆ. ಅವನು ಕೈ ಒರೆಸಿಕೊಂಡು, “ಬಿಡಿ ಸಾರ್, ಟೀ ಕುಡೀರಿ” ಅಂದ. ಮೇಷ್ಟ್ರೇ ಎನ್ನುತ್ತಿದ್ದವನು ಸಾರ್ ಅಂದ. ಮತ್ತೆ ಮೇಷ್ಟ್ರೇ ಎನ್ನಲು ಅವನಿಗೆ ಮುಂದಿನ ಸರ್ವಿಸಿನವರೆಗೆ ಹಿಡಿಯಿತು.

ಮಾರ್ಚಿನಲ್ಲಿ ಮತ್ತೆ ಮೊಗಿಲಿ ಘಾಟಿ ಹತ್ತಿದೆವು. ಅದೇ ಐದು ಜನ. ಗಾಡಿ ಮೂರನೇ ಗೇರಿನಲ್ಲಿ ಒಮ್ಮೆಯೂ ಉಸಿರು ಹಿಡಿಯದೆ ಮೇಲೆ ಬಂತು. ಲೀಟರಿಗೆ 18ರ ಮೇಲೆ ಕೊಡುತ್ತಿದೆ. ಊರು ಮುಟ್ಟಿದ ಮೇಲೆ ಒಂದು ನಿಮಿಷ ಸುಮ್ಮನೆ ಓಡಲು ಬಿಟ್ಟು ಆಮೇಲೆ ಆಫ್ ಮಾಡುತ್ತೇನೆ. ಆಯಿಲ್ 10,000ಕ್ಕೆ, ಏರ್ ಫಿಲ್ಟರ್ ದಿಬ್ಬದ ಧೂಳಿಗಾಗಿ ಅದಕ್ಕೂ ಮುಂಚೆ.

ಅಪ್ಪನ ಕಂಪ್ರೆಸರ್ ಹೌಸಿನ ಪುಸ್ತಕದಂತೆ ನಾನೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ಸರ್ವಿಸಿನಲ್ಲಿ ಇಂಟರ್‌ಕೂಲರಿನ ಕೆಳಗಿನ ಹೋಸು ಬಿಚ್ಚಿ, ಬಂದದ್ದನ್ನು ಒಂದು ಅಳತೆಯ ಜಾಡಿಗೆ ಇಳಿಸಿ ಬರೆಯುತ್ತೇನೆ. ಟರ್ಬೊ ಗಾಡಿಯಲ್ಲಿ ಬ್ರೀದರಿನ ಮೂಲಕ ಸ್ವಲ್ಪ ಎಣ್ಣೆಯ ಮಂಜು ಬಂದೇ ಬರುತ್ತದೆ, ಬೆರಳಿಗೆ ಹತ್ತುವಷ್ಟು ಪಸೆ ಕಂಡು ಯಾರೂ ಗಾಬರಿಯಾಗಬೇಕಿಲ್ಲ. ಲೋಟ ತುಂಬಿದರೆ ಮಾತ್ರ ತೊಳೆಯುವ ಮೊದಲು ಬ್ರೀದರ್ ನೋಡಿ, ಡ್ರೇನ್ ಪೈಪ್ ನೋಡಿ, ಫಿಲ್ಟರ್ ನೋಡಿ, ಶಾಫ್ಟ್ ಅಲ್ಲಾಡಿಸಿ ನೋಡಿ. ತೊಳೆದ ಇಂಟರ್‌ಕೂಲರನ್ನು ಒಂದು ಪೂರ್ತಿ ರಾತ್ರಿ ಒಣಗಿಸದೆ ದಯವಿಟ್ಟು ಯಾರೂ ಕೀ ತಿರುಗಿಸಬೇಡಿ.

ಅಪ್ಪನಿಗೆ ಈಗ ಎರಡೂ ಕಣ್ಣು ಚೆನ್ನಾಗಿ ಕಾಣುತ್ತದೆ. ನೋಟ್‌ಬುಕ್ಕನ್ನು ಅವರೇ ಕೈಗೆತ್ತಿಕೊಂಡು ಓದುತ್ತಾರೆ. ಮೊದಲ ಸಲ 8 ಮಿಲಿ, ಎರಡನೇ ಸಲ 10 ಮಿಲಿ, ಕಳೆದ ತಿಂಗಳು 9 ಮಿಲಿ.